ಸಿಡಿಲಿನಿಂದ ಮನೆಯ ವಿದ್ಯುತ್ ಉಪಕರಣಗಳ ರಕ್ಷಣೆ: ಚರಿತ್ರೆ

ಸಿಡಿಲಿನಿಂದಲೋ ವಿದ್ಯುತ್ ಜಾಲದ ಏರುಪೇರಿನಿಂದಲೋ ಕ್ಷಣಕಾಲ ನುಗ್ಗಿಬರುವ ಅತಿವೋಲ್ಟೇಜನ್ನು, ಅದು ಉಪಕರಣ ಮುಟ್ಟುವ ಮೊದಲೇ ಬೇರೆ ದಾರಿಗೆ ತಿರುಗಿಸುವ ವಿಧಾನ. ಈ ರಕ್ಷಣೆ ಮೊದಲು ಮನೆಯ ಮಾಡಿನ ಮೇಲಿತ್ತು. ಆಮೇಲೆ ತಂತಿಗೆ ಬಂತು. ಕೊನೆಗೆ ಪ್ಲಗ್ಗಿನ ಪೆಟ್ಟಿಗೆಯೊಳಗೆ ಸೇರಿತು.

ಬೆಂಜಮಿನ್ ಫ್ರಾಂಕ್ಲಿನ್ ಸೂಚಿಸಿದ್ದ ಪ್ರಯೋಗವನ್ನು 1752ರ ಮೇ 10ರಂದು ಫ್ರಾನ್ಸಿನ ಮಾರ್ಲಿಯಲ್ಲಿ ನಡೆಸಿ, ಗುಡುಗುಮೋಡದಲ್ಲಿರುವುದು ವಿದ್ಯುತ್ತೇ ಎಂದು ತೋರಿಸಲಾಯಿತು. ಅದೇ ವರ್ಷ ಫ್ರಾಂಕ್ಲಿನ್ ಫಿಲಡೆಲ್ಫಿಯಾದ ತಮ್ಮ ಮನೆಯ ಮೇಲೆ ಕಬ್ಬಿಣದ ಸರಳು ನಿಲ್ಲಿಸಿ, ಅದರ ದಾರಿಯಲ್ಲಿ ಗಂಟೆಗಳನ್ನು ಕಟ್ಟಿದರು. ಮೋಡ ಕವಿದರೆ ಅವು ತಾವಾಗಿಯೇ ಮೊಳಗುತ್ತಿದ್ದವು. ಸಿಡಿಲನ್ನು ಒಳಗೆ ಕರೆದು ಕೂರಿಸಿದಂಥ ಸಾಹಸವಿದು. 1753ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಇಂಥದೇ ಪ್ರಯೋಗಕ್ಕಿಳಿದ ವಿಜ್ಞಾನಿ ರಿಚ್‌ಮನ್ ಪ್ರಾಣವನ್ನೇ ತೆತ್ತರು.

ಸರಳು ಗೋಡೆಯನ್ನು ಉಳಿಸುತ್ತದೆ, ತಂತಿಯನ್ನಲ್ಲ. 1840ರ ದಶಕದಲ್ಲಿ ಟೆಲಿಗ್ರಾಫ್ ಹರಡಿದಾಗ ಇದು ಗೊತ್ತಾಯಿತು: ಎಲ್ಲೋ ದೂರದಲ್ಲಿ ಬಡಿದ ಸಿಡಿಲು ತಂತಿ ಹಿಡಿದು ಕಚೇರಿಯ ಮೇಜಿಗೇ ಬರುತ್ತಿತ್ತು. ತಂತಿಗೂ ನೆಲಕ್ಕೂ ನಡುವೆ ಸಣ್ಣ ಸಂದು ಬಿಡುವುದು ಅದಕ್ಕೆ ಸಿಕ್ಕ ಪರಿಹಾರ. ಅತಿವೋಲ್ಟೇಜ್ ಆ ಸಂದನ್ನು ಹಾರಿ ಭೂಮಿ ಸೇರುತ್ತದೆ. ಆದರೆ 1902ರ ಶಿವನಸಮುದ್ರ–ಕೋಲಾರ ಚಿನ್ನದ ಗಣಿ ಮಾರ್ಗದಂಥ ದೂರದ ವಿದ್ಯುತ್ ಮಾರ್ಗಗಳ ಕಾಲಕ್ಕೆ ಇಷ್ಟು ಸಾಲದಾಯಿತು. ಒಮ್ಮೆ ಕಿಡಿ ಹಾರಿದರೆ ಮಾರ್ಗದ ಸ್ವಂತ ವಿದ್ಯುತ್ತೂ ಅದರ ಬೆನ್ನು ಹತ್ತಿ ಹರಿಯುತ್ತಿತ್ತು. ಅತಿವೋಲ್ಟೇಜನ್ನು ನೆಲಕ್ಕಿಳಿಸುವ, ಸಿಲಿಕಾನ್ ಕಾರ್ಬೈಡ್ ಬಿಲ್ಲೆಗಳಿದ್ದ ಅರೆಸ್ಟರ್‌ಗಳು 1930ರ ಸುಮಾರಿಗೆ ಈ ಹರಿವಿಗೆ ಕಡಿವಾಣ ಹಾಕಿದವು.

ಮನೆಗಳಲ್ಲಿ ಆಗ ಬಲ್ಬು, ಫ್ಯಾನು, ವಾಲ್ವ್ ರೇಡಿಯೊ. ಇವು ಸಣ್ಣಪುಟ್ಟ ಏಟು ತಡೆದುಕೊಳ್ಳುತ್ತಿದ್ದವು. ಟ್ರಾನ್ಸಿಸ್ಟರು, ಐಸಿಗಳು ಬಂದ ಮೇಲೆ ಕೆಲವೇ ಮೈಕ್ರೊಸೆಕೆಂಡಿನ ಏಟೂ ಮಾರಕವಾಯಿತು. ಜಪಾನಿನ ಮತ್ಸುಶಿತಾ ಕಂಪನಿಯ ಮಿಚಿಯೊ ಮತ್ಸುವೋಕಾ 1960ರ ದಶಕದ ಕೊನೆಯಲ್ಲಿ ರೂಪಿಸಿದ ಸತು ಆಕ್ಸೈಡಿನ ವ್ಯಾರಿಸ್ಟರ್ ಈ ಚರಿತ್ರೆಯ ದೊಡ್ಡ ತಿರುವು. ನಾಣ್ಯದಷ್ಟಿರುವ ಈ ಬಿಲ್ಲೆ 230 ವೋಲ್ಟಿನಲ್ಲಿ ಹೆಚ್ಚುಕಡಿಮೆ ನಿರೋಧಕದಂತಿದ್ದು, ವೋಲ್ಟೇಜ್ ಮಿತಿಮೀರಿದೊಡನೆ ವಾಹಕವಾಗುತ್ತದೆ; ಏಟು ಕಳೆದರೆ ಮತ್ತೆ ಸುಮ್ಮನಾಗುತ್ತದೆ. ಅಂಗಡಿಯ ಸ್ಪೈಕ್ ಗಾರ್ಡ್‌ನೊಳಗೆ ಕೆಲಸ ಮಾಡುವುದು ಇದೇ. ಪ್ರತಿ ದೊಡ್ಡ ಏಟಿಗೂ ಅದು ಸ್ವಲ್ಪ ಸವೆಯುತ್ತದೆ ಎಂಬುದನ್ನು ಮಾತ್ರ ಕೊಂಡವರು ಮರೆಯುತ್ತಾರೆ.

ಮನೆಯ ಬೇರೆ ಸಾಧನಗಳು ವ್ಯಾರಿಸ್ಟರಿನ ಕೆಲಸ ಮಾಡಲಾರವು. ಫ್ಯೂಸ್ ಕರಗುವಷ್ಟರಲ್ಲಿ ಟಿವಿ ಸುಟ್ಟಿರುತ್ತದೆ. ಸ್ಟೆಬಿಲೈಸರ್ ಹುಟ್ಟಿದ್ದು ವೋಲ್ಟೇಜಿನ ನಿಧಾನದ ಏರಿಳಿತಕ್ಕೆ, ಸಿಡಿಲಿಗಲ್ಲ. ಕಂಬದಲ್ಲಿ ನ್ಯೂಟ್ರಲ್ ತಂತಿ ತುಂಡಾಗಿ ಮನೆಗೆ 400 ವೋಲ್ಟಿನವರೆಗೆ ಬಂದರೆ ವ್ಯಾರಿಸ್ಟರೇ ಕಾದು ಸುಡುತ್ತದೆ. ಅದಕ್ಕೆ ಅತಿವೋಲ್ಟೇಜ್ ಕಂಡೊಡನೆ ಸಂಪರ್ಕ ಕಡಿಯುವ ರಿಲೇ ಬೇಕು. ಅರ್ಥಿಂಗ್ ಕೆಟ್ಟಿದ್ದರೆ, ಇದ್ದಿಲು–ಉಪ್ಪು ತುಂಬಿದ ಗುಂಡಿ ಒಣಗಿದ್ದರೆ, ಮೀಟರ್ ಬೋರ್ಡಿಗೆ ಹಾಕಿಸಿದ ದುಬಾರಿ ಅತಿವೋಲ್ಟೇಜ್ ರಕ್ಷಣಾ ಸಾಧನವೂ ಏಟನ್ನು ನೆಲಕ್ಕಿಳಿಸಲಾರದು.

ನೇರ ಸಿಡಿಲಿನ ವಿದ್ಯುತ್ ಹತ್ತಾರು ಸಾವಿರ ಆಂಪಿಯರ್. ಅದರ ಮುಂದೆ ಸ್ಪೈಕ್ ಗಾರ್ಡ್ ಒಂದೇ ನಿಲ್ಲದು. ಮುಂಗಾರಿಗೆ ಮುನ್ನ ಗುಡುಗು ಕೇಳಿಸಿದ ಕೂಡಲೇ ಟಿವಿಯ ಪ್ಲಗ್ಗು, ಡಿಶ್ಶಿನ ಕೇಬಲ್ಲು ಎರಡನ್ನೂ ಕಿತ್ತಿಡುವ ಮಲೆನಾಡಿನ ರೂಢಿ ಹಳೆಯದಾದರೂ ಕೈಕೊಟ್ಟಿಲ್ಲ. ಇಂಟರ್ನೆಟ್ ಈಗ ಹಲವು ಮನೆಗಳಿಗೆ ತಾಮ್ರದ ಬದಲು ಗಾಜಿನ ಎಳೆಯಲ್ಲಿ ಬರುವುದರಿಂದ ಏಟಿಗೆ ಆ ದಾರಿಯೊಂದು ಮುಚ್ಚಿದೆ. ಆದರೆ ರೌಟರಿನ ಅಡಾಪ್ಟರ್ ಇನ್ನೂ ಗೋಡೆಯ ಸಾಕೆಟ್ಟಿನಲ್ಲೇ ಇದೆ.