ಬಿಚ್ಚಿ ಕಟ್ಟುವ ತೋಳಿನ ಕತೆ

ಮನೆಗೆ ಪಾಯ ತೋಡಬೇಕಾದರೂ ಕೆರೆಯ ಹೂಳೆತ್ತಬೇಕಾದರೂ ‘ಜೆಸಿಬಿ ತರಿಸಿ’ ಎನ್ನುವುದು ನಮ್ಮಲ್ಲಿ ರೂಢಿ. ಬ್ರಿಟನ್ನಿನ ಒಂದು ಕಂಪನಿಯ ಹೆಸರೇ ಯಂತ್ರದ ಹೆಸರಾಗಿ ಕನ್ನಡದಲ್ಲಿ ನೆಲೆಯೂರಿದೆ. ಆ ಯಂತ್ರದ ಮುಂದೆ ಮಣ್ಣು ತುಂಬುವ ಬಕೆಟ್, ಹಿಂದೆ ಅಗೆಯುವ ಉದ್ದನೆಯ ತೋಳು. ಗುದ್ದಲಿಯಂತೆ ಮಣ್ಣನ್ನು ತನ್ನತ್ತ ಎಳೆದುಕೊಂಡು ಅಗೆಯುವ ಈ ತೋಳಿಗೆ ಬ್ಯಾಕ್‌ಹೋ ಎಂದು ಹೆಸರು. ಇಂದು ಯಂತ್ರದ ಅಂಗವೇ ಆಗಿರುವ ಇದು ಮೊದಲು ಬಂದದ್ದು ಹೊಲದ ಟ್ರಾಕ್ಟರಿಗೆ ಜೋಡಿಸುವ ಉಪಕರಣವಾಗಿ ಎಂಬುದು ಹಲವರಿಗೆ ತಿಳಿದಿರಲಾರದು.

ಟ್ರಾಕ್ಟರಿಗೆ ಉಪಕರಣವನ್ನು ಸುಲಭವಾಗಿ ಕೂಡಿಸಿ ಬಿಚ್ಚುವ ದಾರಿ ತೋರಿದವರು ಐರ್ಲೆಂಡಿನ ಹ್ಯಾರಿ ಫರ್ಗುಸನ್. ಅವರ ಮೂರು ಬಿಂದುಗಳ ಜೋಡಣೆ 1939ರಲ್ಲಿ ಫೋರ್ಡ್ 9ಎನ್ ಟ್ರಾಕ್ಟರಿನ ಮೂಲಕ ಅಮೆರಿಕದ ರೈತರನ್ನು ತಲುಪಿತು. ನೇಗಿಲು, ಕುಂಟೆಗಳಿಗೆ ಅದು ವರದಾನವಾಯಿತು. ಆದರೆ ಅಗೆಯುವ ತೋಳಿನ ವಿಷಯ ಬೇರೆ. ನೇಗಿಲು ಟ್ರಾಕ್ಟರಿನ ಹಿಂದೆ ಎಳೆಸಿಕೊಂಡು ಹೋಗುತ್ತದೆ. ತೋಳು ಟ್ರಾಕ್ಟರನ್ನೇ ಎಳೆಯುತ್ತದೆ, ಎತ್ತುತ್ತದೆ, ತಿರುಚುತ್ತದೆ.

ಪೂರ್ಣವಾಗಿ ಎಣ್ಣೆಯ ಒತ್ತಡದಿಂದ, ಅಂದರೆ ಹೈಡ್ರಾಲಿಕ್ ಬಲದಿಂದ ನಡೆಯುವ ಬ್ಯಾಕ್‌ಹೋವನ್ನು 1947ರಲ್ಲಿ ರೂಪಿಸಿದವರು ಅಮೆರಿಕದ ಮಸಾಚುಸೆಟ್ಸ್ ರಾಜ್ಯದ ವೈನೊ ಹೊಲೊಪೈನೆನ್ ಮತ್ತು ರಾಯ್ ಹ್ಯಾಂಡಿ. ಇಬ್ಬರ ಹೆಸರನ್ನೂ ಕೂಡಿಸಿ ‘ವೈನ್-ರಾಯ್’ ಎಂಬ ಕಂಪನಿ ಹುಟ್ಟಿತು. ಫೋರ್ಡ್ 8ಎನ್ ಟ್ರಾಕ್ಟರಿಗೆ ಜೋಡಿಸಿದ ಮೊದಲ ಬ್ಯಾಕ್‌ಹೋ 1948ರಲ್ಲಿ ಕನೆಕ್ಟಿಕಟ್‌ನ ವಿದ್ಯುತ್ ಕಂಪನಿಗೆ 705 ಡಾಲರಿಗೆ ಮಾರಾಟವಾಯಿತು. 1953ರಲ್ಲಿ ಬ್ರಿಟನ್ನಿನ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಮುಂದಿನ ಬಕೆಟ್ಟನ್ನೂ ಹಿಂದಿನ ತೋಳನ್ನೂ ಒಂದೇ ಟ್ರಾಕ್ಟರಿಗೆ ಕೂಡಿಸಿದರು. ಅವರ ಹೆಸರಿನ ಮೊದಲಕ್ಷರಗಳೇ ಜೆಸಿಬಿ. 1957ರಲ್ಲಿ ಅಮೆರಿಕದ ಕೇಸ್ ಕಂಪನಿ ಇವೆಲ್ಲವನ್ನೂ ಕಾರ್ಖಾನೆಯಲ್ಲೇ ಒಂದಾಗಿ ಕಟ್ಟಿ ಮಾರತೊಡಗಿತು. ಅಲ್ಲಿಗೆ ತೋಳು ಯಂತ್ರಕ್ಕೆ ಕಾಯಂ ಆಯಿತು.

ಆದರೆ ಸಣ್ಣ ಹಿಡುವಳಿಗಾರನಿಗೆ ಕಾಯಂ ತೋಳು ಹೊರೆಯೇ ಸರಿ. ಇಂದು ಚರಂಡಿ ತೋಡಿದ ಟ್ರಾಕ್ಟರಿನಿಂದಲೇ ಆತ ನಾಳೆ ಹುಲ್ಲು ಕೊಯ್ಯಬೇಕು. ಕುಬೋಟದಂತಹ ಜಪಾನಿ ಕಂಪನಿಗಳ ಪುಟ್ಟ ಟ್ರಾಕ್ಟರುಗಳು 1970ರ ದಶಕದಲ್ಲಿ ಅಮೆರಿಕದಲ್ಲಿ ಹರಡಿದಂತೆ ಬಿಚ್ಚುವ ತೋಳಿಗೆ ಮತ್ತೆ ಬೇಡಿಕೆ ಬಂತು. ಬರಿಯ ಮೂರು ಬಿಂದುಗಳಿಗೆ ತಗುಲಿಸಿದರೆ ತೋಳು ಮೇಲಕ್ಕೆದ್ದು ಚಾಲಕನನ್ನೇ ಅಪ್ಪಳಿಸುವ ಅಪಾಯವುಂಟು. ಆದ್ದರಿಂದ ಟ್ರಾಕ್ಟರಿನ ಅಡಿಯಲ್ಲಿ ಉಕ್ಕಿನ ಚೌಕಟ್ಟೊಂದನ್ನು ಕೂಡಿಸಿ, ತೋಳನ್ನು ಅದಕ್ಕೆ ಸಿಕ್ಕಿಸಿ ಪಿನ್ ಹಾಕುವ ಪದ್ಧತಿ ಬಂತು.

ಹಲವು ನೂರು ಕಿಲೋ ತೂಗುವ ಈ ತೋಳನ್ನು ಬಿಚ್ಚಲು ಕ್ರೇನ್ ಬೇಡ ಎಂಬುದೇ ಸ್ವಾರಸ್ಯ. ಗಟ್ಟಿಯಾದ ಸಮತಟ್ಟು ನೆಲದಲ್ಲಿ ಪಕ್ಕದ ಎರಡು ಕಾಲುಗಳನ್ನೂ ಬಕೆಟ್ಟನ್ನೂ ಊರಿದರೆ ಪಿನ್‌ಗಳ ಮೇಲಿನ ಭಾರ ಇಳಿಯುತ್ತದೆ. ಎಂಜಿನ್ ನಿಲ್ಲಿಸಿ ಪಿನ್ ಕಿತ್ತು, ಮತ್ತೆ ಚಾಲೂ ಮಾಡಿ ಸನ್ನೆಗಳನ್ನು ಆಡಿಸಿದರೆ ತೋಳು ತನ್ನನ್ನು ತಾನೇ ಎತ್ತಿಕೊಂಡು ಚೌಕಟ್ಟಿನಿಂದ ಹೊರಬರುತ್ತದೆ. ಎಣ್ಣೆಯ ಕೊಳವೆಗಳನ್ನು ಬಿಚ್ಚುವುದು ಕೊನೆಗೆ. ಮರಳಿ ಕೂಡಿಸುವಾಗ ಅವನ್ನೇ ಮೊದಲು ಸೇರಿಸಬೇಕು. ಎಣ್ಣೆಯಿಲ್ಲದೆ ತೋಳಿಗೆ ಬಲವಿಲ್ಲ.

ಕೊಳವೆ ಬಿಚ್ಚುವ ಮುನ್ನ ಎಂಜಿನ್ ಆರಿಸಿ, ಸನ್ನೆಗಳನ್ನು ಅತ್ತಿತ್ತ ಆಡಿಸಿ ಒತ್ತಡ ಇಳಿಸುವುದು ಅಗತ್ಯ. ಇಳಿಸಿಟ್ಟ ತೋಳು ಬಿಸಿಲಲ್ಲಿ ಕಾದರೆ ಒಳಗಿನ ಎಣ್ಣೆ ಹಿಗ್ಗಿ, ಮರುದಿನ ಕೊಳವೆ ಕೂಡದೆ ಹಟ ಮಾಡುವುದೂ ಉಂಟು. ಸೋರಿಕೆಯನ್ನು ಬೆರಳಿನಿಂದ ಹುಡುಕುವುದಂತೂ ಸಲ್ಲದು. ರಟ್ಟಿನ ತುಂಡು ಹಿಡಿದು ನೋಡಬೇಕು. ಒತ್ತಡದಲ್ಲಿ ಚಿಮ್ಮುವ ಎಣ್ಣೆ ಚರ್ಮವನ್ನು ಸೂಜಿಯಂತೆ ತೂರುತ್ತದೆ. ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಶಸ್ತ್ರಚಿಕಿತ್ಸೆ ಆಗದಿದ್ದರೆ ಕೈಯನ್ನೇ ಕಳೆದುಕೊಳ್ಳಬೇಕಾದೀತು.

ಒಬ್ಬನೇ ಮನುಷ್ಯ ಒಂದೇ ಟ್ರಾಕ್ಟರಿನಿಂದ ಹತ್ತು ಕೆಲಸ ಮಾಡಿಕೊಳ್ಳುವ ಅನುಕೂಲ ಈ ಜೋಡಣೆಯದು. ಬಿಚ್ಚುವ, ಕೂಡಿಸುವ ಆ ಕೆಲವು ನಿಮಿಷಗಳ ಎಚ್ಚರವೇ ಅದಕ್ಕೆ ತೆರಬೇಕಾದ ಬೆಲೆ.