ನದಿಯಾಚೆಯ ಹುತಾತ್ಮ ಮೈಲಾರ ಮಹಾದೇವಪ್ಪ



ಆಗಸ್ಟ್ 15 ನಮಗೆ ಎರಡು ಹಬ್ಬಗಳ ದಿನ. ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಬಲಿಪೂಜೆ, ಅದರೊಡನೆ ಧ್ವಜವಂದನೆ. ಆ ಧ್ವಜಕ್ಕಾಗಿ ಪ್ರಾಣ ತೆತ್ತವರನ್ನು ನೆನೆಯಲು ದಾವಣಗೆರೆ, ಹರಿಹರದ ನಾವು ದೂರ ಹೋಗಬೇಕಾಗಿಲ್ಲ. ಹರಿಹರದ ಸೇತುವೆ ದಾಟಿ ಹುಬ್ಬಳ್ಳಿಯ ಹಾದಿ ಹಿಡಿದರೆ ರಾಣೆಬೆನ್ನೂರಿನ ಆಚೆ ಮೋಟೆಬೆನ್ನೂರು ಸಿಗುತ್ತದೆ. ಅಂದು ತುಂಗಭದ್ರೆಯ ಈಚೆ ದಡ ಮೈಸೂರು ಸಂಸ್ಥಾನ. ಆಚೆ ದಡ ಬ್ರಿಟಿಷರ ಮುಂಬಯಿ ಪ್ರಾಂತ್ಯ.

ಮೋಟೆಬೆನ್ನೂರಿನಲ್ಲಿ 1911ರಲ್ಲಿ ಹುಟ್ಟಿದವರು ಮೈಲಾರ ಮಹಾದೇವಪ್ಪ. 1930ರ ಮಾರ್ಚ್ 12ರಂದು ಗಾಂಧೀಜಿಯೊಡನೆ ಸಬರಮತಿಯಿಂದ ದಂಡಿಗೆ ಹೊರಟ 78 ಮಂದಿಯಲ್ಲಿ ಕರ್ನಾಟಕದವರು ಇವರೊಬ್ಬರೇ. ಆಗ ವಯಸ್ಸು 18. ಮುಂದೆ ಕೊರಡೂರಿನಲ್ಲಿ ಆಶ್ರಮ ಕಟ್ಟಿ ಗ್ರಾಮಸೇವೆಗೆ ನಿಂತರು. ಪತ್ನಿ ಸಿದ್ದಮ್ಮನವರೂ ಸೆರೆಮನೆ ಕಂಡವರು.

1942ರ ಆಗಸ್ಟ್‌ನಲ್ಲಿ 'ಕ್ವಿಟ್ ಇಂಡಿಯಾ' ಕರೆ ಬಂದಿತು. ನಾಯಕರೆಲ್ಲ ಬಂಧನದಲ್ಲಿದ್ದರು. ಮಹಾದೇವಪ್ಪನವರು ಭೂಗತರಾಗಿ ತಂಡ ಕಟ್ಟಿದರು. ರೈಲು ನಿಲ್ದಾಣ, ಸರಕಾರಿ ಕಂದಾಯ, ಹೀಗೆ ಆಳ್ವಿಕೆಯ ನರನಾಡಿಗಳ ಮೇಲೆ ಅವರ ದಾಳಿ. 1943ರ ಏಪ್ರಿಲ್ 1ರಂದು ವರದಾ ತೀರದ ಹೊಸರಿತ್ತಿಯಲ್ಲಿ, ಕಂದಾಯದ ಹಣ ಇಟ್ಟಿದ್ದ ವೀರಭದ್ರ ದೇವಸ್ಥಾನದ ಬಳಿ ಪೊಲೀಸರ ಗುಂಡಿಗೆ ಬಿದ್ದರು. ಜೊತೆಗೆ ಮಡಿದವರು ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ. ಮಹಾದೇವಪ್ಪನವರಿಗೆ ಇನ್ನೂ 32 ತುಂಬಿರಲಿಲ್ಲ.

ಅದೇ ತಿಂಗಳ ಕೊನೆಯಲ್ಲಿ ದೂರದ ಪೋಲೆಂಡಿನಲ್ಲಿ ಸೇನಾಧಿಕಾರಿ ವಿಟೋಲ್ಡ್ ಪಿಲೆಟ್ಸ್ಕಿ ಔಷ್‌ವಿಟ್ಸ್ ಶಿಬಿರದಿಂದ ತಪ್ಪಿಸಿಕೊಂಡರು. 1940ರಲ್ಲಿ ತಾವಾಗಿಯೇ ಸೆರೆಸಿಕ್ಕು ಒಳಹೊಕ್ಕು, ಬಂದಿಗಳನ್ನು ಸಂಘಟಿಸಿ, ಅಲ್ಲಿನ ಕ್ರೌರ್ಯವನ್ನು ಹೊರಜಗತ್ತಿಗೆ ತಿಳಿಸಿದವರು ಅವರು. ಇನ್ನೊಬ್ಬನ ಬದಲು ಸಾಯಲು ಮುಂದೆ ಬಂದ ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆಯವರು 1941ರ ಆಗಸ್ಟ್ 14ರಂದು ಮಡಿದದ್ದೂ ಅದೇ ಶಿಬಿರದಲ್ಲಿ.

ಅಹಿಂಸೆಯ ದಾರಿಯಲ್ಲಿ ನಡೆದವರು ಖಜಾನೆಗೆ ಕೈಹಾಕಿದ್ದು ಸರಿಯೇ? ಸುಲಭವಾಗಿ ಉತ್ತರಿಸುವಂತಿಲ್ಲ. ಗುಟ್ಟಿನ ಚಟುವಟಿಕೆಯನ್ನೂ ಆಸ್ತಿ ನಾಶವನ್ನೂ ಗಾಂಧೀಜಿ ಒಪ್ಪಲಿಲ್ಲ. ಆದರೆ ಲಾಭಕ್ಕಾಗಿ ಪ್ರಾಣವನ್ನು ಪಣಕ್ಕಿಟ್ಟವರಲ್ಲ ಇವರು. ದಾರಿಯ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು. ತ್ಯಾಗದ ಬಗ್ಗೆ ಇಲ್ಲ. ಅನ್ಯಾಯ ಕಂಡಾಗ 'ನಮಗೇಕೆ' ಎಂದು ಸರಿದು ನಿಲ್ಲುವ ನಮ್ಮನ್ನು ಈ ಬದುಕು ಪ್ರಶ್ನಿಸುತ್ತದೆ.

ಈ ಹಬ್ಬದಂದು ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಹೊಸರಿತ್ತಿಯ ಮೂವರ ಹೆಸರನ್ನೂ ಹೇಳೋಣ. ಮನೆಗೆ ಹೋಗಿ ಮಕ್ಕಳಿಗೆ ಅವರ ಕಥೆ ತಿಳಿಸೋಣ.