ಜರ್ಮನ್ ಲಾ ಜರ್ನಲ್: ಉಚಿತ ಓದಿನ ವೆಚ್ಚ

ತೌಲನಿಕ ನ್ಯಾಯಶಾಸ್ತ್ರದ ನಿಯತಕಾಲಿಕಗಳ ಚರಿತ್ರೆಯಲ್ಲಿ ‘ಜರ್ಮನ್ ಲಾ ಜರ್ನಲ್’ ವಿಚಾರಾರ್ಹವಾದುದು. 2000ದಲ್ಲಿ ಪೇರ್ ತ್ಸುಂಬಾನ್ಸೆನ್ ಮತ್ತು ರಸೆಲ್ ಮಿಲ್ಲರ್ ಇದನ್ನು ಆರಂಭಿಸಿದಾಗ ಇದು ಅಂತರಜಾಲದಲ್ಲಿ ಹಂಚುತ್ತಿದ್ದ ಕಿರುಪತ್ರವಷ್ಟೆ. ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯವೇ ಮೊದಲಾದವುಗಳ ತೀರ್ಪುಗಳನ್ನು ಅದು ಇಂಗ್ಲಿಷಿನಲ್ಲಿ ವಿವೇಚಿಸುತ್ತಿತ್ತು; ಚಂದಾ ಕೇಳುತ್ತಿರಲಿಲ್ಲ. ಮುಕ್ತ ಪ್ರವೇಶವನ್ನು ವ್ಯಾಖ್ಯಾನಿಸಿದ ಬುಡಾಪೆಸ್ಟ್ ಘೋಷಣೆ ಹೊರಬಿದ್ದುದು 2002ರಲ್ಲಿ, ಬರ್ಲಿನ್ ಘೋಷಣೆ 2003ರಲ್ಲಿ. ಲಕ್ಷ್ಯ ಮೊದಲು, ಲಕ್ಷಣ ಆಮೇಲೆ ಎಂಬುದು ಸಾಹಿತ್ಯದ ಅಭ್ಯಾಸಿಗಳಾದ ನಮಗೆ ಹೊಸತಲ್ಲ.

ಆದರೆ ‘ಉಚಿತ’ವೆಂಬ ಮಾತನ್ನು ನಾವು ಎಚ್ಚರದಿಂದ ಬಳಸಬೇಕು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳು. ಪಡೆದವರಿಗೆ ಅದು ದಾನ, ಓಲೆಗರಿಯ ವೆಚ್ಚ ಅವಳದು. ಈ ಪತ್ರಿಕೆಗೆ ಅಂಥ ದಾನಿಗಿಂತ ಹೆಚ್ಚಾಗಿ ಲಿಪಿಕಾರರೇ ಆಧಾರವಾದರು: ಅಧ್ಯಾಪಕರು, ಕಾನೂನು ವಿದ್ಯಾರ್ಥಿಗಳು. ಅವರ ಶ್ರಮ ಮುದ್ರಣದೋಷ ತಿದ್ದುವುದಕ್ಕೆ ಮುಗಿಯುವಂಥದಲ್ಲ. ‘ರೆಖ್ಟ್ಸ್‌ಷ್ಟಾಟ್’ ಎಂಬ ಒಂದು ಪದವನ್ನೇ ನೋಡಿ. ಕಾನೂನಿಗೆ ಬದ್ಧವಾದ ರಾಜ್ಯವೆಂದು ಸ್ಥೂಲವಾಗಿ ಹೇಳಬಹುದಾದರೂ ಹತ್ತೊಂಬತ್ತನೆಯ ಶತಮಾನದ ಜರ್ಮನ್ ರಾಜ್ಯಸಿದ್ಧಾಂತದಲ್ಲಿ ಬೆಳೆದ ಆ ಕಲ್ಪನೆ ಇಂಗ್ಲೆಂಡಿನ ‘ರೂಲ್ ಆಫ್ ಲಾ’ ಅಲ್ಲ. ಸಮಾನಪದವಿಟ್ಟರೆ ಓದು ಸುಗಮ, ಅರ್ಥ ಪಲ್ಲಟ. ಮೂಲಪದವನ್ನೇ ಉಳಿಸಿದರೆ ಹೊರಗಿನ ಓದುಗನಿಗೆ ಬಾಗಿಲು ಅರ್ಧ ಮುಚ್ಚಿದಂತೆ. ಹೊರನಾಡಿನಲ್ಲಿ ಕನ್ನಡ ಪಠ್ಯಗಳನ್ನು ಇಂಗ್ಲಿಷಿನಲ್ಲಿ ವಿವರಿಸಹೊರಟ ನಮ್ಮಲ್ಲಿ ಅನೇಕರು ಈ ಇಕ್ಕಟ್ಟನ್ನು ಬಲ್ಲರು.

2019ರಿಂದ ಕೇಂಬ್ರಿಜ್ ವಿಶ್ವವಿದ್ಯಾಲಯ ಮುದ್ರಣಾಲಯ ಇದನ್ನು ಪ್ರಕಟಿಸುತ್ತಿದೆ. ಓದು ಮುಕ್ತವಾಗಿಯೇ ಉಳಿದಿದೆ. ದೊಡ್ಡ ಪ್ರಕಾಶನಗಳ ಮುಕ್ತ ಪತ್ರಿಕೆಗಳಲ್ಲಿ ಪ್ರಕಟಣಶುಲ್ಕವನ್ನು ಲೇಖಕರ ಸಂಸ್ಥೆಗಳು ತೆರುವುದು ಈಗ ಸಾಮಾನ್ಯ ಪದ್ಧತಿ. ವಿನಾಯಿತಿಗಳುಂಟು, ನಿಜ. ಆದರೂ ಅನುದಾನವಿಲ್ಲದ ವಿಭಾಗದ ಸಂಶೋಧಕನು ಓದುವಾಗ ಅತಿಥಿ, ಬರೆಯುವಾಗ ಅರ್ಜಿದಾರ.